ಇವರು ನನಗೆ ಲೋಕಲ್ ಕಲಿಸಿದ್ದು

ನನ್ನ ಗಂಡ ತಾವಿನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ಒಬ್ಬರೇ ಕೂತು ತೀರ್ಮಾನ ಮಾಡಿಕೊಂಡಿದ್ದರು. ನನಗೆ ಹೇಳಲಿಲ್ಲ. ಬದಲಿಗೆ ಒಂದು ದಿನ ಊಟದ ಮಧ್ಯೆ, "ಬರೂ ರವಿವಾರದಿಂದ ನೀ ಒಬ್ಬಾಕಿನ ಲೋಕಲ್‌ ರೈಲಿನ್ಯಾಗ ಮುಲುಂಡಕ್ಕ ಹೋಗೂದು ಕಲೀಬೇಕು" ಎಂದರು.

ಮುಲುಂಡ್‌ನಲ್ಲಿ ನನ್ನ ತಂಗಿಯ ಮನೆ. ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದಂದಿನಿಂದ ಅಲ್ಲಿಗೆ ಹೋದದ್ದೆಲ್ಲ ಇವರ ಹಿಂದೆ ಹಿಂದೆಯೇ. ಮನೆಯಲ್ಲಿ ಬ್ಲೌಸ್ ಹೊಲಿಯುವ ನನಗೆ ಮುಂಬಯಿ ಎಂದರೆ ನಮ್ಮ ಬಿಲ್ಡಿಂಗ್, ಮಾರ್ಕೆಟ್, ದಾರ-ಗುಂಡಿಯ ಅಂಗಡಿ. ಅಷ್ಟು ಜಾಗದಲ್ಲಿ ನಾನು ಯಾರಿಗೂ ಹೆದರುತ್ತಿರಲಿಲ್ಲ.

"ಯಾಕ್ರೀ, ನಾ ನಿಮಗ ಭಾರ ಆದ್ನೇನು?" ಎಂದೆ.

"ಭಾರ ಅಲ್ಲ. ಗೊತ್ತಿರಬೇಕು" ಎಂದು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ನಮ್ಮದು ಗದಗಿನ ಕಡೆಯ ಪಿಂಜಾರರ ಮನೆತನ. ಹತ್ತಿ ಹಿಂಜಿ ಗಾದಿ ಮಾಡುವುದೇ ಇವರ ಕೆಲಸ. ಈಗ ಹಿಂಜುವ ಬಿಲ್ಲು ಹೋಗಿ ಯಂತ್ರ ಬಂದಿದೆ, ಧೂಳು ಮಾತ್ರ ಎಲ್ಲೂ ಹೋಗಿಲ್ಲ. ಆ ವರ್ಷ ಸೀನು ವಿಪರೀತವಾಯಿತು. ಮೆಡಿಕಲ್‌ನಿಂದ ಅಲರ್ಜಿ ಗುಳಿಗೆ ತಂದು ದಿನಾ ನುಂಗತೊಡಗಿದರು. ಸೀನು ನಿಂತಿತು, ಮೈ ಜಡವಾಯಿತು. ಜಡ ಬಿಡಲಿ ಎಂದು ಜೊತೆಗೆ ದುಡಿಯುವವರೊಬ್ಬರ ಮಾತು ಕೇಳಿ ತಾಕತ್ತಿಗೆ ವಿಟಮಿನ್ ಗುಳಿಗೆ ಶುರು ಮಾಡಿದರು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಚಹಾದ ಜೊತೆ ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದರು.

ಬಾಯಿ ಒಣಗತೊಡಗಿತು, ಹೊಟ್ಟೆ ತೊಳಸತೊಡಗಿತು. ಮಧ್ಯಾಹ್ನ ಅರ್ಧ ಹೊಲಿದ ಗಾದಿಯ ಮೇಲೇ ಕಣ್ಣು ಮುಚ್ಚಿಹೋಗುತ್ತಿತ್ತಂತೆ. ಮೂತ್ರ ಅರಿಶಿನ ಕದಡಿದ ನೀರಿನಂತೆ ಹಳದಿಯಾಯಿತು. ಇವರ ಅಣ್ಣ ಇದೇ ಮನೆಯಲ್ಲಿದ್ದಾಗ ಕಾಮಾಲೆ ಹಿಡಿದು ದವಾಖಾನೆಯಲ್ಲಿ ತೀರಿಕೊಂಡಿದ್ದರು. ಆಗಲೂ ಊಟ ಸೇರುತ್ತಿರಲಿಲ್ಲ, ಸದಾ ನಿದ್ದೆಗಣ್ಣು, ಮೂತ್ರ ಹಳದಿ. ಇವರಿಗೆ ಇನ್ನೇನು ಬೇಕಿತ್ತು? ಗುಳಿಗೆಗಳ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ತಮ್ಮ ಸರದಿ ಬಂತೆಂದುಕೊಂಡರು.

ಮೊದಲ ರವಿವಾರ ಸಾಯನ್ ಸ್ಟೇಶನ್‌ನಲ್ಲಿ ನನ್ನನ್ನು ಲೇಡೀಸ್ ಡಬ್ಬಿ ಹತ್ತಿಸಿ ತಾವು ಪಕ್ಕದ ಡಬ್ಬಿ ಹತ್ತಿದರು. "ಭಾಂಡುಪ್ ಬಂದ ಕೂಡ್ಲೇ ಏಳಬೇಕು. ನಾಹೂರ್ ದಾಟಿದ ಮ್ಯಾಲ ಬಾಗಲಕ್ಕ ಬಾ. ಯಾರರ ದೂಡಿದ್ರ ನೀನೂ ದೂಡು, ನಾಚಬ್ಯಾಡ" ಎಂದಿದ್ದರು. ದೂಡುವುದನ್ನು ನನಗೆ ಕಲಿಸಬೇಕಾಗಿರಲಿಲ್ಲ. ಮುಲುಂಡ್‌ನಲ್ಲಿ ಇಳಿದಾಗ, ಮಗು ಮೊದಲ ಹೆಜ್ಜೆ ಇಟ್ಟಿತೆಂಬಂತೆ ನನ್ನನ್ನೇ ನೋಡುತ್ತ ನಿಂತಿದ್ದರು. "ಏನ್ರಿ, ಹೆಂಡ್ತಿನ ಇವತ್ತ ನೋಡಾಕತ್ತೀರೇನು?" ಎಂದು ಕಾಡಿಸಿದೆ. ನಕ್ಕರು, ಆದರೆ ಆ ನಗು ಬೇಗ ಆರಿಹೋಯಿತು.

ಮುಂದಿನ ರವಿವಾರವೂ ಹಾಗೆಯೇ ಹೊರಟೆವು. ನಾನು ಮುಲುಂಡ್‌ನಲ್ಲಿ ಇಳಿದೆ, ಇವರು ಇಳಿಯಲಿಲ್ಲ. ರೈಲು ಹೋಯಿತು, ಜನ ಕರಗಿದರು, ಪ್ಲ್ಯಾಟ್‌ಫಾರ್ಮ್ ಮೇಲೆ ಇವರೆಲ್ಲೂ ಕಾಣಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ತಂಗಿಯ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಮೊದಲು ಸಿಟ್ಟು ಬಂದಿತ್ತು. ಹೊತ್ತು ಹೋದಂತೆ ಸಿಟ್ಟು ಇಳಿದು, ಬಂದ ಪ್ರತಿ ರೈಲಿನ ಬಾಗಿಲಲ್ಲೂ ಇವರನ್ನು ಹುಡುಕತೊಡಗಿದೆ. ಕೊನೆಗೆ ಅವರೇ ಫೋನ್ ಮಾಡಿದರು. ನಿದ್ದೆ ಹತ್ತಿ, ಮುಲುಂಡ್ ದಾಟಿ ದೂರದ ಡೊಂಬಿವಲಿಯವರೆಗೂ ಹೋಗಿದ್ದರು.

ತಿರುಗಿ ಬಂದವರು ಬೆಂಚಿನ ಮೇಲೆ ಕೂತು ನನ್ನ ಬಾಟಲಿಯ ನೀರನ್ನೆಲ್ಲ ಕುಡಿದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎಲ್ಲ ಕೇಳಿಸಿಕೊಂಡು, ನೆಲ ನೋಡುತ್ತ, "ನನಗ ಕಾಮಣಿ ಆಗೇತಿ. ಅಣ್ಣಗ ಆದಂಗ" ಎಂದರು.

ನಾನು ಪಕ್ಕದಲ್ಲಿ ಕೂತೆ. ಅವರೇ ಮುಂದುವರಿಸಿದರು.

"ಅಣ್ಣ ದವಾಖಾನಿಯೊಳಗ ಇದ್ದಾಗ ಅತ್ತಿಗೀಗೆ ಒಬ್ಬಾಕಿ ಹೋಗಾಕ ದಾರಿ ಗೊತ್ತಿರಲಿಲ್ಲ. ಯಾರರ ಕರಕೊಂಡ ಹೋಗ್ಲಿ ಅಂತ ಬಾಗಲದಾಗ ಕುಂತಿದ್ಲು. ಅಲ್ಲೇ ಕುಂತಾಗ ಸುದ್ದಿ ಬಂತು. ನೀ ಹಂಗ ಕುಂದರಬಾರದು. ನನಗೇನರ ಆದ್ರ ತಂಗಿ ಮನಿಗೆ ಹೋಗಾಕರ ಬರಬೇಕಲ್ಲ."

ಇಷ್ಟು ದಿನ ಈ ಮನುಷ್ಯ ತನ್ನ ಸಾವನ್ನು ಯೋಚಿಸುತ್ತ ಕೂತಿರಲಿಲ್ಲ, ನಾನು ಯಾವ ಸ್ಟೇಶನ್ ಬಂದಾಗ ಏಳಬೇಕು ಎಂದು ಯೋಚಿಸುತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ. ತಂಗಿಯ ಮನೆಗೆ ಹೋಗದೆ ಹಿಂದಿರುಗಿದೆವು. ಆ ದಿನ ನಾನು ಲೇಡೀಸ್ ಡಬ್ಬಿ ಹತ್ತಲಿಲ್ಲ. ಇವರ ತೋಳು ಹಿಡಿದುಕೊಂಡೇ ನಿಂತಿದ್ದೆ.

ಮರುದಿನ ಡಾಕ್ಟರು ಇವರ ಕಣ್ಣರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ, "ಕೌನ್‌ಸೀ ಗೋಲಿ ಲೇತೆ ಹೋ?" ಎಂದು ಕೇಳಿದರು. ಇವರು ಕಿಸೆಯಿಂದ ಎರಡೂ ಗುಳಿಗೆ ತೆಗೆದು ತೋರಿಸಿದರು. ಮೂತ್ರದ ಹಳದಿ ವಿಟಮಿನ್ನಿನದು, ಬರೀ ಹೊಟ್ಟೆಗೆ ಅದು ಬಿದ್ದದ್ದಕ್ಕೇ ತೊಳಸುವುದು. ನಿದ್ದೆ ಮತ್ತು ಒಣಬಾಯಿ ಅಲರ್ಜಿ ಗುಳಿಗೆಯದು ಇರಬೇಕು ಎಂದರು ಡಾಕ್ಟರು. ಆದರೂ ರಕ್ತ ಪರೀಕ್ಷೆ ಮಾಡಿಸಿದರು. ಕಾಮಾಲೆ ಇರಲಿಲ್ಲ. ವಿಟಮಿನ್ ಬಿಡಿಸಿ, ನಿದ್ದೆ ಕಡಿಮೆ ಬರಿಸುವ ಬೇರೆ ಅಲರ್ಜಿ ಗುಳಿಗೆ ಬರೆದುಕೊಟ್ಟರು. ಕೆಲಸದಲ್ಲಿ ಮೂಗಿಗೆ ಮಾಸ್ಕ್ ಹಾಕಿಕೊಳ್ಳಲು ಹೇಳಿದರು.

ದವಾಖಾನೆಯ ಮೆಟ್ಟಿಲಿಳಿಯುತ್ತ, "ಇನ್ನೊಮ್ಮೆ ಸಾಯೂದಿದ್ರ ನನಗ ಹೇಳ್ರಿ" ಎಂದೆ. ಇವರು ತಪ್ಪು ಮಾಡಿದ ಹುಡುಗನಂತೆ ತಲೆಯಾಡಿಸಿದರು.

ಈಗ ನಾನು ಮುಲುಂಡಕ್ಕೆ ಒಬ್ಬಳೇ ಹೋಗಿಬರುತ್ತೇನೆ. ಕಲಿತದ್ದು ಕಲಿತದ್ದೇ. ಆದರೆ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಇವರು ಪೂರ್ತಿ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಜೋಳದ ಹಿಟ್ಟು ನಾದುತ್ತ ಕರೆದೆ.

"ಬರ್ರಿ ಇಲ್ಲೆ. ರೊಟ್ಟಿ ಬಡಿಯೂದು ಕಲೀರಿ."

"ನನಗ್ಯಾಕ?"

"ನಾ ಮೊದಲ ಹೋದ್ರ ನಿಮಗ ಯಾರು ಬಡದ ಹಾಕ್ತಾರ? ನೀವು ನನಗ ಲೋಕಲ್ ಕಲಿಸಿದ್ರಿ, ನಾ ನಿಮಗ ರೊಟ್ಟಿ ಕಲಿಸ್ತೀನಿ."

ತಮಾಷೆಗೆ ಅಂದದ್ದು. ನಗುತ್ತಲೇ ಬಂದು ಅಂಗಿಯ ತೋಳು ಮಡಚಿ ನಿಂತರು. ಹಿಟ್ಟು ಉದುರಿಸಿ ತಟ್ಟತೊಡಗಿದರು. ಹತ್ತಿ ಹದ ಮಾಡಿ ಪಳಗಿದ ಕೈ, ರೊಟ್ಟಿ ಚೆನ್ನಾಗಿಯೇ ಅಗಲವಾಗುತ್ತಿತ್ತು. ಅರ್ಧಕ್ಕೆ ಕೈ ನಿಂತಿತು. ನಲ್ಲಿ ಬಿಟ್ಟು ಕೈ ತೊಳೆದುಕೊಂಡರು.

"ಇದನ್ನ ನಾ ಕಲಿಯಾಂಗಿಲ್ಲ" ಎಂದರು. ಈಗ ನಗುತ್ತಿರಲಿಲ್ಲ.

ನಾನು ಆ ರೊಟ್ಟಿಯನ್ನು ಬಡಿದು ಮುಗಿಸಿ ಹಂಚಿಗೆ ಹಾಕಿದೆ. ಮತ್ತೆಂದೂ ಅವರನ್ನು ಅದಕ್ಕೆ ಕರೆದಿಲ್ಲ.