ಅರ್ಧ ಸುತ್ತು

ಮೊನ್ನೆ ಗೋವೆಯ ಸಾಂಕೋಲೆಯ ಒಂದು ಗ್ಯಾರೇಜಿನಲ್ಲಿ ನನ್ನ ಹಳೆಯ ಟ್ರಕ್ಕಿನ ಡೀಸೆಲ್ ಪಂಪು ಬಿಚ್ಚುವಾಗ ಸಣ್ಣದೊಂದು ಸೀಸದ ಮುದ್ರೆ ನೆಲಕ್ಕೆ ಬಿತ್ತು. ಹುಣಸೆ ಬೀಜದಷ್ಟು ದಪ್ಪ, ಎರಡೂ ಕಡೆ ಚಪ್ಪಟೆ, ನಡುವೆ ಕತ್ತರಿಸಿದ ತಂತಿಯ ತುಣುಕು. ಎತ್ತಿಕೊಂಡು ಹೆಬ್ಬೆರಳಿನಿಂದ ಒರೆಸಿದೆ. ಮಧ್ಯದಲ್ಲಿ ಜೋಳದ ಕಾಳಿನಂಥ ಒಂದು ಗುರುತು. ಮೂಗಿನ ಹತ್ತಿರ ಹಿಡಿದರೆ ಸೀಮೆಎಣ್ಣೆಯೂ ಬಟ್ಟೆ ಸೋಪೂ ಕೂಡಿದ ವಾಸನೆ... ಇಷ್ಟು ವರ್ಷದ ಮೇಲೆ ಸೀಸದಲ್ಲಿ ವಾಸನೆ ಉಳಿಯುವುದಿಲ್ಲ, ನನಗೂ ಗೊತ್ತು. ಆದರೂ ಬಂತು.

ಆ ಮುದ್ರೆ ಒತ್ತಿದವರನ್ನು ಉಸಗಾಂವದಲ್ಲಿ ಎಲ್ಲರೂ ಪಂಪು ಚಾಚಾ ಎನ್ನುತ್ತಿದ್ದರು. ವಿಜಾಪುರದ ಕಡೆಯವರು, ನನಗಿಂತ ಇಪ್ಪತ್ತು ವರ್ಷವಾದರೂ ಹಿರಿಯರು. ಗಣಿಯ ಲಾರಿಗಳು ದಿನವಿಡೀ ಕೆಂಪು ಧೂಳು ಎಬ್ಬಿಸುವ ರಸ್ತೆಯ ಪಕ್ಕದಲ್ಲೇ ಅವರ ಕೋಣೆ. ಡೀಸೆಲ್ ಪಂಪಿನ ಒಳಗೆ ಒಂದು ಕಣ ಧೂಳು ಹೋದರೂ ಕೆಲಸ ಕೆಟ್ಟಂತೆ. ಅದಕ್ಕೆ ಬಾಗಿಲಿಗೆ ಒಂದು ಗೋಣಿತಟ್ಟು ಇಳಿಬಿಟ್ಟು, ತಾಸಿಗೊಮ್ಮೆ ಎದ್ದು ಬಂದು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ಆ ಗೋಣಿ ಒಣಗಿದ್ದನ್ನು ನಾನು ನೋಡಿರಲಿಲ್ಲ. ಪಂಪು ಮುಟ್ಟುವ ಮೊದಲು ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಸೋಪು ಹಚ್ಚಿ ತೊಳೆದು, ಉಗುರು ನೋಡಿಕೊಂಡು ಒಳಗೆ ಹೋಗುವರು. ಗೋಣಿಯಾಚೆ ಯಾರಿಗೂ ಪ್ರವೇಶವಿಲ್ಲ. ಗಿರಾಕಿ ಎಂಥವನಾದರೂ ಹೊರಗೆ ಸ್ಟೂಲಿನ ಮೇಲೆ.

ನಾನು ಮೊದಲ ಸಲ ಆ ಸ್ಟೂಲಿನ ಮೇಲೆ ಕೂತದ್ದು 2003ರ ಸುಮಾರಿಗೆ. ವಾಸ್ಕೋ ಬಂದರಿನಲ್ಲಿ ಚೀಲ ಹೊತ್ತು, ಆಮೇಲೆ ಲಾರಿ ಕ್ಲೀನರ್ ಆಗಿ, ಆಮೇಲೆ ಬೇರೆಯವರ ಲಾರಿಗೆ ಡ್ರೈವರ್ ಆಗಿ, ಕೊನೆಗೆ ಸೈನ್ಯದಿಂದ ಹರಾಜಾಗಿ ಬಂದ ಒಂದು ಹಸಿರು ಟ್ರಕ್ಕನ್ನು ದಲ್ಲಾಳಿಯೊಬ್ಬನಿಂದ ಕೊಂಡಿದ್ದೆ. ಕೆಟ್ಟು ನಿಂತ ಗಣಿ ಲಾರಿಗಳನ್ನು ಎಳೆದು ತರುವುದು, ಮಣ್ಣು ತೋಡುವ ಯಂತ್ರಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಉಸಗಾಂವದಿಂದ ಸಾಂಕೋಲೆಗೆ ಮುಟ್ಟಿಸುವುದು, ಇದೇ ದಂಧೆ. ನನ್ನ ಹತ್ತಿರ ಇದ್ದದ್ದು ಆ ಒಂದೇ ಗಾಡಿ. ಅದರ ಇಂಜಿನ್ ಹೋಯಿತೆಂದರೆ ನಾನು ಮತ್ತೆ ಇನ್ನೊಬ್ಬರ ಸ್ಟೀರಿಂಗ್ ಹಿಡಿಯಬೇಕಿತ್ತು.

ಹಳೆಯ ಡೀಸೆಲ್ ಗಾಡಿ ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮಾರುವವನು ಹತ್ತು ಗಂಟೆಗೆ ಬಾ ಎಂದರೆ ನೀವು ಏಳಕ್ಕೇ ಹೋಗಿ. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವನು ಬೆಳಿಗ್ಗೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ತಣ್ಣಗಿನ ಇಂಜಿನ್ ಎಷ್ಟು ಕೆಮ್ಮುತ್ತದೆ ಎಂಬುದು ನಿಮಗೆ ತಿಳಿಯಬಾರದೆಂದು. ಆಮೇಲೆ ಬೆಲೆ. ಅವನು ಹೇಳಿದ್ದರ ಅರ್ಧದಿಂದ ಶುರು ಮಾಡಿ. ನಾಚಿಕೊಳ್ಳಬೇಡಿ. ನಾನು ತರಕಾರಿಯಿಂದ ಹಿಡಿದು ಟ್ರಕ್ಕಿನವರೆಗೆ ಎಲ್ಲವನ್ನೂ ಅರ್ಧದಿಂದಲೇ ಶುರು ಮಾಡಿದವನು.

ಎಳೆತ ಹೆಚ್ಚಿಸಿ ಕೊಡಿ ಎಂದು ಚಾಚಾನ ಮುಂದೆ ಗಾಡಿ ನಿಲ್ಲಿಸಿದೆ. ಅವರು ಬಾನೆಟ್ ಎತ್ತಲಿಲ್ಲ. ಲುಂಗಿ ಮಡಚಿ ಗಾಡಿಯ ಕೆಳಗೆ ನುಸುಳಿದರು, ಬಹಳ ಹೊತ್ತು ಅಲ್ಲೇ ಇದ್ದರು. ಹೊರಗೆ ಬಂದು ಬೆನ್ನಿನ ಮಣ್ಣು ಕೊಡವಿ ಹೇಳಿದರು:

“ಎಳಿಯೂದು ಆಮ್ಯಾಲ ನೋಡೂಣು. ಮೊದಲ ನಿಲ್ಲೂದು ಕಲಿಸ್ಕೊಂಡ ಬರ್ರಿ ಇದಕ್ಕ.”

“ಬ್ರೇಕ್ ಚಲೋ ಅದಾವಲ್ರಿ ಚಾಚಾ?”

“ಖಾಲಿ ಗಾಡಿಗೆ ಚಲೋ ಅದಾವು. ಹಿಂದ ಇಪ್ಪತ್ತ ಟನ್ ಬಂದು ‘ಸರೀರಿ ಸಾವ್ಕಾರ’ ಅಂದಾಗ ಯಾರನ್ನ ಕರೀತೀರಿ? ನಿಮ್ಮ ಮಾವನ್ನ?”

ಎರಡು ತಿಂಗಳು ಓಡಾಡಿಸಿದರು. ಬ್ರೇಕು ಪೂರ್ತಿ ಗಾಳಿಯ ಒತ್ತಡದ್ದಾಯಿತು. ರೇಡಿಯೇಟರಿಗೆ ಇನ್ನೊಂದು ಸಾಲು ಕೊಳವೆ ಸೇರಿತು, ಏಕೆಂದರೆ ಹೊರೆ ಎಳೆಯುವ ಇಂಜಿನ್ನಿಗೆ ಏರಿನಲ್ಲಿ ಗಾಳಿ ಸಿಗುವುದಿಲ್ಲ, ಬಿಸಿ ಮಾತ್ರ ಸಿಗುತ್ತದೆ. ಹಿಂದಿನ ಕೊಕ್ಕೆಯನ್ನು ವೆಲ್ಡಿಂಗ್ ಮಾಡಿಸಿದ್ದೆ. ಅದನ್ನು ಕೀಳಿಸಿ ದಪ್ಪ ಪಟ್ಟಿ ಹಾಕಿ ಬೋಲ್ಟಿನಲ್ಲಿ ಬಿಗಿಸಲು ಹೇಳಿದರು. ಗಾಡಿಯ ಅಡಿಯ ಚಾಸಿಗೆ ಬೆಂಕಿ ತಾಗಿಸಿದರೆ ಅಲ್ಲೇ ಸೀಳುತ್ತದಂತೆ. ಪ್ರತಿ ಸಲ ತೋರಿಸಲು ಹೋದಾಗಲೂ ಕೆಳಗೆ ನುಸುಳುವುದು, ಮಣ್ಣು ಕೊಡವುವುದು. ಇದೆಲ್ಲ ಅವರ ಕೆಲಸವೇ ಅಲ್ಲ, ಒಂದು ಪೈಸೆ ಕೇಳಲಿಲ್ಲ. ಇದರಲ್ಲಿ ಇವರಿಗೇನು ಲಾಭ ಎಂದು ನಾನು ಹುಡುಕುತ್ತಲೇ ಇದ್ದೆ...

ಕೊನೆಗೆ ಪಂಪಿನ ಸರದಿ ಬಂತು. ಕೂಲಿ ಹೇಳಿದರು. ಅರ್ಧಕ್ಕೆ ಕೇಳಿದೆ. “ಆತ್ರಿ” ಎಂದುಬಿಟ್ಟರು! ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಗಡ್ಡ ನೀವಿಕೊಂಡರು. ಇಷ್ಟು ಬೇಗ ಒಪ್ಪಿದರೆಂದು ನನಗೆ ಒಳಗೊಳಗೇ ಬೇಸರ. ಇನ್ನೂ ಇಳಿಸಬಹುದಿತ್ತೇನೋ.

ಪಂಪಿನ ಬೆನ್ನಿಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿದಷ್ಟೂ ಇಂಜಿನ್ನಿಗೆ ಡೀಸೆಲ್ ಹೆಚ್ಚು, ಎಳೆತ ಹೆಚ್ಚು. ಅಳತೆ ಮೀರಿದರೆ ಕಪ್ಪು ಹೊಗೆ, ವಿಪರೀತ ಬಿಸಿ, ಪಿಸ್ಟನ್ನಿನ ತಲೆಯೇ ಕರಗಿ ಹೋಗುತ್ತದೆ. ಅದಕ್ಕೇ ಆ ಸ್ಕ್ರೂಗೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುವುದು. ನಾನು ಅಲ್ಲೂ ಬಾಯಿ ಹಾಕಿದೆ.

“ಎರಡ ಸುತ್ತು ಕೊಡ್ರಿ ಚಾಚಾ.”

“ಎರಡ ಕೊಟ್ರ ನೀವು ಇಂಜಿನ್ ಒಯ್ಯಂಗಿಲ್ಲ, ಬಾಣಲಿ ಒಯ್ತೀರಿ. ಅರ್ಧ.”

“ಒಂದೂವರಿ ಮಾಡ್ರಿ.”

“ಇದೇನ ಬದ್ನಿಕಾಯಿ ಅಂತ ತಿಳದೀರೇನ? ರೊಕ್ಕದಾಗ ಎಷ್ಟರ ಎಳೀರಿ ಸಾವ್ಕಾರ, ಇಸ್ಕ್ರೂದಾಗ ಎಳೀಬ್ಯಾಡ್ರಿ.”

ಆದರೂ ಎಳೆದೆ. ಒಂದು ಸುತ್ತಿಗೆ ಬಂದು ನಿಂತಿತು. ಅವರು ಗೋಣಿಯಾಚೆ ಹೋಗಿ ಅರ್ಧ ದಿನ ಕೆಲಸ ಮಾಡಿ ಪಂಪನ್ನು ಹೊತ್ತು ತಂದರು. ಮುದ್ರೆ ಒತ್ತುವ ಅವರ ಇಕ್ಕಳದ ಒಂದು ಹಲ್ಲು ಮುರಿದಿತ್ತು. ಅದರಿಂದಲೇ ಆ ಜೋಳದ ಕಾಳಿನ ಗುರುತು. ಕೈಲಿದ್ದ ಇಕ್ಕಳದಿಂದ ನನ್ನನ್ನು ತೋರಿಸಿ ಹೇಳಿದರು:

“ಒಂದ ಸುತ್ತು ಕೊಟ್ಟೇನಿ. ಮುದ್ರಿ ಮುಟ್ಟಂಗಿಲ್ಲ. ಮಾತ ಕೊಡ್ರಿ.”

“ಕೊಟ್ಟೆ.”

“ಮುಟ್ಟಿದ್ರ ಮತ್ತ ಈ ಬಾಗಲಕ್ಕ ಬರಬ್ಯಾಡ್ರಿ.”

ಆ ಮಾತು ಹದಿನೈದು ದಿನ ಬಾಳಿತು. ಬೋರಿಯ ಸೇತುವೆ ದಾಟಿದ ಮೇಲೆ ವೆರ್ಣಾದ ಬಯಲಿಗೆ ಹತ್ತುವ ಏರಿನಲ್ಲಿ, ಬೆನ್ನಿಗೆ ಒಂದು ಮಣ್ಣು ತೋಡುವ ಯಂತ್ರ ಹೊತ್ತು, ನನ್ನ ಗಾಡಿ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು. ಹಿಂದೆ ಬಸ್ಸುಗಳ ಹಾರನ್ನು. ಮುಂದಿನ ಸಲ ಅದೇ ಹೊರೆ ಬಂದಾಗ, ಏರಿನ ಬುಡದಲ್ಲಿ ಒಂದು ಗೋಡಂಬಿ ಮರದ ಕೆಳಗೆ ನಿಲ್ಲಿಸಿದೆ. ಅತ್ತಿತ್ತ ನೋಡಿದೆ. ತಂತಿ ಕತ್ತರಿಸಿ ಅರ್ಧ ಸುತ್ತು ತಿರುಗಿಸಿದೆ. ಗಾಡಿ ಮೂರನೇ ಗೇರಿನಲ್ಲಿ ಏರು ಹತ್ತಿತು! ಹೊಗೆ ಒಂದಿಷ್ಟು ಕಪ್ಪಾಯಿತು, ಅಷ್ಟೇ. ವಾಸ್ಕೋದ ಗುಜರಿಯಲ್ಲಿ ಒಂದು ಇಕ್ಕಳ ಕೊಂಡು (ಅದನ್ನೂ ಅರ್ಧಕ್ಕೇ) ನಾನೇ ಸೀಸ ಒತ್ತಿ ಮುದ್ರೆ ಮಾಡಿದೆ. ಕಾಳಿನ ಗುರುತು ಬರಲಿಲ್ಲ. ಮೇಲೆ ಗ್ರೀಸು ಮೆತ್ತಿದೆ.

ಭಾರ ಎಳೆಯುವ ಗಾಡಿಗೆ ವರ್ಷಕ್ಕೊಮ್ಮೆ ಪಂಪು ಬಿಚ್ಚಿ ನೋಡಲೇಬೇಕು. ಮರುವರ್ಷ ಅಳುಕುತ್ತಲೇ ಆ ಬಾಗಿಲಿಗೆ ಹೋದೆ. ಚಾಚಾ ಹೆಬ್ಬೆರಳಿನಿಂದ ಗ್ರೀಸು ಒರೆಸಿದರು, ನನ್ನ ಮುದ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

“ಗ್ರೀಸ್ ಭಾಳ ತುಟ್ಟಿ ಆಗೇತ್ರಿ. ಸಿಕ್ಕಲ್ಲೆಲ್ಲಾ ಯಾಕ ಹಚ್ಚಿ ಹಾಳ ಮಾಡ್ತೀರಿ?”

ಅಷ್ಟೇ. ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಒಳಗೆ ಒಯ್ದು ಎಲ್ಲ ಸರಿ ಮಾಡಿ, ಸ್ಕ್ರೂ ಮತ್ತೆ ತಮ್ಮ ಅಳತೆಗೆ ತಂದು, ಹೊಸ ಮುದ್ರೆ ಒತ್ತಿ, ಮತ್ತೆ ಅದೇ ಮಾತು ಕೇಳಿದರು. ನಾನು ಮತ್ತೆ ಕೊಟ್ಟೆ. ಗೋಡಂಬಿ ಮರದ ಕೆಳಗೆ ಮತ್ತೆ ಅರ್ಧ ಸುತ್ತು ಕದ್ದೆ. ಹೀಗೆ ಏಳೆಂಟು ವರ್ಷ... ವರ್ಷಕ್ಕೊಂದು ಮುದ್ರೆ, ವರ್ಷಕ್ಕೊಂದು ಕಳ್ಳತನ.

ನನಗೆ ತಿಳಿಯದೆ ಹೋದದ್ದು ಎರಡು. ಇಂಜಿನ್ ಯಾಕೆ ಕೆಡಲಿಲ್ಲ? ಇಂಥದೇ ಇಂಜಿನ್ನಿಗೆ ಹೆಚ್ಚು ಡೀಸೆಲ್ ಕೊಡಿಸಿದವರ ಪಿಸ್ಟನ್ನುಗಳು ತೂತು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ನಾನು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಕೆಯನ್ನು ಕಿವಿಗಿಟ್ಟು ಆಲಿಸುತ್ತಿದ್ದೆ. ಒಳಗೆ ಎಲ್ಲ ನೆಮ್ಮದಿ. ಎರಡನೆಯದು, ಮುದ್ರೆ ಒಡೆದವನನ್ನು ಆ ಮನುಷ್ಯ ಯಾಕೆ ಬಾಗಿಲಿಗೆ ಬಿಟ್ಟುಕೊಳ್ಳುತ್ತಾರೆ?

ಉಸಗಾಂವದಲ್ಲೇ ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದ ಒಬ್ಬ ಗೋವೆಯ ಗೆಳೆಯನಿದ್ದ. ಅವನೂ ಚಾಚಾನ ಗಿರಾಕಿ. ಒಂದು ದಿನ ಚಹಾದ ಅಂಗಡಿಯಲ್ಲಿ ತಡೆಯಲಾರದೆ ಅವನ ಮುಂದೆ ಬಾಯಿ ಬಿಟ್ಟೆ. ಅವನು ಚಹಾ ಚೆಲ್ಲುವಷ್ಟು ನಕ್ಕ.

“ಹಾಂವೂಯ್ ಘುಂವಡಾಯ್ತಾಂ ರೇ!” ಎಂದ. ಅವನೂ ತಿರುಗಿಸುತ್ತಿದ್ದನಂತೆ. ಆದರೆ ಕಾಲು ಸುತ್ತು ಮಾತ್ರ. ಅವನ ಇಂಜಿನ್ನಿಗೂ ಏನೂ ಆಗಿರಲಿಲ್ಲ. ಚಾಚಾಗೆ ವಯಸ್ಸಾಯಿತು, ಅಳತೆಯಲ್ಲಿ ಹೆದರುತ್ತಾರೆ, ನಾವೇ ಜಾಣರು ಎಂದು ಇಬ್ಬರೂ ತೀರ್ಮಾನ ಮಾಡಿಕೊಂಡು ಎದ್ದೆವು.

2011ರಲ್ಲಿ ಹೋದಾಗ ಚಾಚಾ ಗೋಡೆ ಹಿಡಿದು ಎದ್ದು ಬಂದರು. ಕನ್ನಡಕದ ಗಾಜು ದಪ್ಪವಾಗಿತ್ತು. ಕೂಲಿ ಹೇಳಿದರು, ನಾನು ಅರ್ಧ ಎಂದೆ, “ಆತ್ರಿ” ಎಂದರು. ಆ ಸಲ ಪಂಪು ಹೊರಗೆ ಬರಲು ಸಂಜೆಯಾಯಿತು. ಮುದ್ರೆ ಒತ್ತುವಾಗ ಇಕ್ಕಳವನ್ನು ಎರಡೂ ಕೈಯಿಂದ ಹಿಡಿದಿದ್ದರು. ಮಾತು ಕೊಡಿ ಎಂದು ಕೇಳಲಿಲ್ಲ. ನನ್ನ ಭುಜದ ಮೇಲೆ ಸೋಪಿನ ವಾಸನೆಯ ಆ ಕೈ ಇಟ್ಟು ಮೆಲ್ಲಗೆ ಹೇಳಿದರು:

“ಈ ಸಲ ಖರೇನ ಮುಟ್ಟಬ್ಯಾಡ್ರಿ.”

ಮರುದಿನವೇ ದೊಡ್ಡ ಹೊರೆ ಸಿಕ್ಕಿತು. ಗೋಡಂಬಿ ಮರದ ಕೆಳಗೆ ಅಭ್ಯಾಸದಂತೆ ನಿಲ್ಲಿಸಿ, ಇಕ್ಕಳ ತೆಗೆದು, ತಂತಿಯನ್ನು ಅದರ ಬಾಯಿಗೆ ಕೊಟ್ಟೆ. ಒತ್ತಬೇಕು... ಆಗ ಆ ‘ಖರೇನ’ ಎಂಬ ಮಾತು ಕೈ ಹಿಡಿಯಿತು. ಈ ಸಲ ಖರೇ ಎಂದರೆ ಇಷ್ಟು ವರ್ಷ ಹೇಳಿದ್ದು ಏನು? ನನಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಮುಟ್ಟದೆ ಹತ್ತಿಸಿ ನೋಡೋಣ, ಏದುಸಿರು ಬಿಟ್ಟರೆ ತಿರುವಿನಲ್ಲಿ ನಿಲ್ಲಿಸಿ ತಿರುಗಿಸಿದರಾಯಿತು ಎಂದುಕೊಂಡು ಇಕ್ಕಳ ಸೀಟಿನ ಮೇಲೆ ಎಸೆದೆ.

ಗಾಡಿ ಮೂರನೇ ಗೇರಿನಲ್ಲಿ ಹತ್ತಿತು. ಮೊದಲ ತಿರುವು, ಎರಡನೆಯ ತಿರುವು, ಅದೇ ದನಿ, ಅದೇ ಎಳೆತ. ಪ್ರತಿ ವರ್ಷ ಕದ್ದ ಮೇಲೆ ಹೇಗೆ ಎಳೆಯುತ್ತಿತ್ತೋ ಹಾಗೆಯೇ, ಕದಿಯದೆಯೇ. ವೆರ್ಣಾದ ಬಯಲಿನಲ್ಲಿ ಬದಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದೆ. ಇಷ್ಟು ವರ್ಷ ಅವರು ಒಂದು ಸುತ್ತು ಎಂದು ಹೇಳಿ ಅರ್ಧವೇ ಕೊಟ್ಟಿದ್ದರು. ಉಳಿದ ಅರ್ಧ ನಾನು ಕದಿಯಲಿ ಎಂದು ಬಿಟ್ಟದ್ದು! ಈ ಸಲ ಪೂರ್ತಿ ಕೊಟ್ಟಿದ್ದರು. ಇದರ ಮೇಲೆ ಇನ್ನರ್ಧ ತಿರುಗಿಸಿದ್ದರೆ ಆ ಏರಿನಲ್ಲೇ ಪಿಸ್ಟನ್ನು ಕರಗಿ, ನನ್ನ ಒಂದೇ ಗಾಡಿಯ ಇಂಜಿನ್ ಅಲ್ಲಿಗೇ ಮುಗಿಯುತ್ತಿತ್ತು.

ಹೇಗೆ ಗೊತ್ತಾಯಿತು ಅವರಿಗೆ, ನಾನು ಅರ್ಧ ಸುತ್ತಿನ ಕಳ್ಳನೆಂದು? ಯೋಚಿಸಿ ಯೋಚಿಸಿ ಒಂದು ಊಹೆಗೆ ಬಂದೆ. ಟ್ಯಾಂಕರಿನವನನ್ನು ಕೇಳಿದೆ, ನೀನು ಚಾಚಾನ ಕೂಲಿಯಲ್ಲಿ ಎಷ್ಟು ಇಳಿಸುತ್ತಿದ್ದೆ ಎಂದು. ಕಾಲು ಭಾಗ ಎಂದ. ನಾವು ಕೂಲಿ ಇಳಿಸಿದಾಗ ನಮ್ಮ ಮುಖ ನೋಡುತ್ತಿದ್ದರಲ್ಲ... ನಾನು ಅವರ ಬೆಲೆ ಇಳಿಸುತ್ತಿದ್ದೇನೆ ಎಂದುಕೊಂಡ ಹೊತ್ತಿನಲ್ಲಿ ಅವರು ನನ್ನ ಅಳತೆ ತೆಗೆದುಕೊಳ್ಳುತ್ತಿದ್ದರು. ಮತ್ತೆ ಆ ವರ್ಷ ಯಾಕೆ ನಿಜ ಹೇಳಿದರು? ಮುಂದಿನ ವರ್ಷ ಸ್ಕ್ರೂ ಹಿಂದಕ್ಕೆ ತರಲು ತಾವು ಇರುವುದಿಲ್ಲ, ಇವನು ವರ್ಷವರ್ಷ ಅರ್ಧ ಸುತ್ತು ಸೇರಿಸುತ್ತಾ ಹೋದರೆ ಗಾಡಿ ಉಳಿಯುವುದಿಲ್ಲ ಎಂದು ಅವರಿಗೆ ತಿಳಿದಿರಬೇಕು.

ಮುಂದಿನ ಸಲ ಹೋಗಿ ಎಲ್ಲ ಒಪ್ಪಿಕೊಂಡು, ಅವರು ಹೇಳಿದ ಕೂಲಿಯನ್ನು ತುಟಿ ಬಿಚ್ಚದೆ ಕೊಡಬೇಕೆಂದು ನಿಶ್ಚಯಿಸಿದ್ದೆ. ಹೋಗುವುದು ತಡವಾಯಿತು. ಹೋದಾಗ ಸರಕಾರದ ತಡೆಯಿಂದ ಗಣಿಗಳು ನಿಂತಿದ್ದವು, ರಸ್ತೆಯಲ್ಲಿ ಧೂಳೇ ಇರಲಿಲ್ಲ. ಕೋಣೆಗೆ ಬೀಗ. ಗೋಣಿತಟ್ಟು ಒಣಗಿ ಹಲಗೆಯಂತೆ ಸೆಟೆದು ನಿಂತಿತ್ತು. ಊರಿಗೆ ಹೋದರು, ಹೋದ ಎರಡು ತಿಂಗಳಿಗೆ ತೀರಿಕೊಂಡರು ಎಂದು ಟ್ಯಾಂಕರಿನವನು ಹೇಳಿದ. ಗೋಣಿಯ ಮೇಲೆ ಕೈಯಿಟ್ಟೆ. ಚುಚ್ಚಿತು.

ಅಂದಿನಿಂದ ಆ ಮುದ್ರೆಯನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಗಾಡಿಗೂ ಈಗ ಹಗುರ ಕೆಲಸ, ಕೆಟ್ಟ ಬಸ್ಸು, ಟೆಂಪೋ ಎಳೆಯುವುದು. ಆದರೆ ಪಂಪು ಸೋರತೊಡಗಿದ ಮೇಲೆ ವಿಧಿಯಿರಲಿಲ್ಲ. ಸಾಂಕೋಲೆಯ ಈ ಗ್ಯಾರೇಜಿನಲ್ಲಿ ಗೋಡೆಯ ಮೇಲೇ ರೇಟಿನ ಬೋರ್ಡಿದೆ. ಅರ್ಧಕ್ಕೆ ಕೇಳಿದೆ, ಹಾವೇರಿ ಕಡೆಯ ಮೆಕ್ಯಾನಿಕ್ ಬೋರ್ಡಿನತ್ತ ಬೆರಳು ತೋರಿಸಿದ. ಕೆಲಸ ಮುಗಿಸಿ ಕೈ ಒರೆಸಿಕೊಂಡ.

“ಇಂಜಿನ್ನಿಗೆ ವಯಸ್ಸಾಗೇತ್ರಿ ಅಂಕಲ್. ಇಸ್ಕ್ರೂ ಅರ್ಧ ಸುತ್ತು ಹಿಂದ ತಗದೇನಿ.”

“ಮುದ್ರಿ?”

“ಈಗ ಯಾರ ಹಾಕ್ತಾರ್ರಿ ಅದನ್ನ? ಎಳತ ಕಮ್ಮಿ ಅನಿಸಿದ್ರ ನೀವ ತಿರುವ್ಕೊಳ್ರಿ. ಅದರಾಗೇನೈತಿ?”

ಬೋರ್ಡಿನಲ್ಲಿದ್ದಷ್ಟೂ ಕೊಟ್ಟು ಹೊರಟೆ. ಬೋರಿಯ ಕಡೆ ಕೆಟ್ಟು ನಿಂತ ಬಸ್ಸೊಂದನ್ನು ತರುವುದಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಆ ಏರಿಗೆ ಬಂದಾಗ ಗಾಡಿ ಭಾರವಾಯಿತು. ಗೋಡಂಬಿ ಮರ ಇನ್ನೂ ಇದೆ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಕೈ ಇಕ್ಕಳ ಹುಡುಕಿತು... ಜೇಬಿನಲ್ಲಿದ್ದ ಸೀಸದ ಮುದ್ರೆ ತೊಡೆಗೆ ಒತ್ತುತ್ತಿತ್ತು. ಪಂಪಿನ ಮೇಲೆ ಒಡೆಯಲು ಏನೂ ಇರಲಿಲ್ಲ. ಎರಡನೇ ಗೇರಿಗೆ ಇಳಿಸಿ, ಹಿಂದಿನವರು ಹಾರನ್ ಬಾರಿಸಿದಷ್ಟೂ ಬಾರಿಸಲಿ ಎಂದು ಬಿಟ್ಟು, ನಿಧಾನವಾಗಿ ಹತ್ತಿಸಿದೆ.