ಧರ್ಮದ ಖಾತೆಯಲ್ಲಿ ಅಕ್ಕನಾಗಮ್ಮ

ಅಕ್ಕನಾಗಮ್ಮ ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಶಿಕಾರಿಪುರದ ಪೇಟೆಬೀದಿಯಲ್ಲಿ ಆಕೆಯ ಅಣ್ಣ ಮಹೇಶ್ವರಪ್ಪನವರದು ಭತ್ತದ ಮಂಡಿ. ಅಲ್ಲಿ ನಾನು, ಉಜ್ಜಪ್ಪ, ಗುಮಾಸ್ತ. ನಾನು ಕಾಲು ಮಡಚಿ ಕೂತು ಬರೆಯುವವನು, ಆಕೆ ದಿನವಿಡೀ ನಿಂತೇ ಇರುವವಳು. ತಕ್ಕಡಿಯ ಮುಳ್ಳು ನೋಡಬೇಕು, ಚೀಲ ಎಣಿಸಬೇಕು, ಹಮಾಲರನ್ನು ಗದರಬೇಕು, ನಡುವೆ ಬಸ್ಸಿನ ಸದ್ದು ಕೇಳಿದರೆ ಬಾಗಿಲಿಗೆ ಹೋಗಿ ನೋಡಿ ಬರಬೇಕು. ಆಕೆಯನ್ನು ನೋಡಲು ಬರುವವರು ಯಾರೂ ಇರಲಿಲ್ಲ. ಆದರೂ ಹೋಗುವಳು. ಆಕೆಯ ಓಡಾಟಕ್ಕೆ ನನ್ನ ಕೂಡಿಸುವ ಲೆಕ್ಕ ತಪ್ಪಿಹೋಗುತ್ತಿತ್ತು.

"ಒಂದು ಗಳಿಗೆ ಕೂತ್ಕೊಬಾರ್ದೇನ್ರಿ?" ಎಂದು ರೇಗುತ್ತಿದ್ದೆ.

"ಕೂತ್ರೆ ಏನೋ ಮರ್ತಂಗಾಗ್ತದೆ ಉಜ್ಜಪ್ಪಾರೆ," ಎನ್ನುವಳು.

ಆಕೆಯನ್ನು ಸೊರಬಕ್ಕೆ ಕೊಟ್ಟಿದ್ದರು. ನಾಲ್ಕೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ಬಂದ ವಾರದಲ್ಲೇ, ಅಣ್ಣನಿಗೆ ಬುತ್ತಿ ತಂದವಳು ತೂಕ ಹಾಕುವವನ ಕೈಚಳಕವನ್ನು ಕಂಡುಹಿಡಿದಳು. ಒಂದೊಂದು ಚೀಲಕ್ಕೂ ಅರ್ಧ ಸೇರು ಹಾರಿಸುತ್ತಿದ್ದ ಆಸಾಮಿ. ಅಂದಿನಿಂದ ತಕ್ಕಡಿ ಬಿಟ್ಟು ಆಕೆ ಕದಲಲಿಲ್ಲ. ಯಾರೂ ಆಕೆಗೆ ಆ ಕೆಲಸ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಐವತ್ತೆಂಟರಲ್ಲಿ ಬೆನಕಪ್ಪ ಎಂಬ ಬಿ.ಕಾಂ. ಮಾಡಿದ ಮೇಷ್ಟ್ರು ಶಿವಮೊಗ್ಗದಿಂದ ಬಂದು, ಬಸ್ ನಿಲ್ದಾಣದ ಹತ್ತಿರ ಒಂದು ಮಾಳಿಗೆ ಕೋಣೆ ಹಿಡಿದು, ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹೇಳುವ ಲೆಕ್ಕಪತ್ರದ ಪಾಠ ಶುರುಮಾಡಿದರು. ಅಂಗಡಿ ತೆರೆಯುವ ಮೊದಲು, ಬೆಳಿಗ್ಗೆ ಆರೂವರೆಗೆ. ಸೇಲ್ಸ್ ಟ್ಯಾಕ್ಸಿನವರಿಗೆ ಹಳೆಯ ಪದ್ಧತಿಯ ಕಿರ್ದಿ ಪುಸ್ತಕ ತೋರಿಸಿ ಸಾಕಾಗಿದ್ದ ಸಾಹುಕಾರ ಮಹೇಶ್ವರಪ್ಪನವರು ನನ್ನನ್ನು ಅಲ್ಲಿಗೆ ಅಟ್ಟಿದರು. ಆಣೆ ಪೈ ಹೋಗಿ ನಯಾಪೈಸೆ ಬಂದದ್ದಕ್ಕೇ ನನ್ನ ತಲೆ ಕೆಟ್ಟಿತ್ತು, ಅದರ ಮೇಲೆ ಇದೊಂದು. ಅಕ್ಕನಾಗಮ್ಮ ತಾನೂ ಬರುತ್ತೇನೆಂದಳು.

"ಗಂಡಸ್ರ ಮಧ್ಯೆ ನೀನೇನ್ ಮಾಡ್ತೀಯವ್ವಾ?" ಎಂದರು ಅಣ್ಣ.

"ಅಂಗಡೀಲಿ ಏನ್ ಮಾಡ್ತೀನೋ ಅದನ್ನೇ. ನಿಂತ್ಕೊಂಡಿರ್ತೀನಿ."

ಹಾಗೇ ಮಾಡಿದಳು. ಬೆಂಚು ಖಾಲಿ ಇದ್ದರೂ ಕಿಟಕಿಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು ನಿಂತೇ ಬರೆದಳು. ಮೊದಲ ಪಾಠಕ್ಕೇ ನನಗೂ ಮೇಷ್ಟ್ರಿಗೂ ಜಗಳ. ಸಾಹುಕಾರರು ಹಾಕಿದ ಬಂಡವಾಳವನ್ನು ಅಂಗಡಿಯ ಸಾಲ ಎಂದು ಬರೆಯಬೇಕಂತೆ!

"ತನ್ನ ದುಡ್ಡು ತನಗೇ ಸಾಲವಾ? ಇದ್ಯಾವ ನ್ಯಾಯಾರೀ?" ಎಂದೆ.

"ಅಂಗಡಿ ಬೇರೆ, ಸಾಹುಕಾರರು ಬೇರೆ," ಎಂದರು ಮೇಷ್ಟ್ರು. "ಅಂಗಡಿಯಿಂದ ಅವರ ಮನೆಗೆ ಒಂದು ಸೇರು ಅಕ್ಕಿ ಹೋದರೂ ಅದನ್ನ ಅವರ ಹೆಸರಿಗೆ ಬರೀಬೇಕು. ಇನ್ನೊಂದು ತಿಳ್ಕೊಳ್ಳಿ. ಯಾವ ನಮೂದಿಗೂ ಎರಡು ಕಡೆ. ಒಂದು ಕಡೆ ಮುಟ್ಟಿದ್ರೆ ಇನ್ನೊಂದು ಕಡೆ ಅಲುಗಾಡಲೇಬೇಕು."

ನಾನು ಸಿಡಿಮಿಡಿಗೊಂಡು ಪೆನ್ಸಿಲ್ ಮುರಿದೆ. ಆಕೆ ಕಿಟಕಿಯ ಹತ್ತಿರ ನಗುತ್ತಿದ್ದಳು.

ಪಾಠಗಳೆಲ್ಲ ಮುಗಿಯುತ್ತ ಬಂದ ಹೊತ್ತಿಗೆ ಒಂದು ದಿನ ಸೊರಬದ ಒಂದು ಸಹಕಾರ ಸಂಘದ ಜಾಹೀರಾತನ್ನು ಮೇಷ್ಟ್ರು ಓದಿ ಹೇಳಿದರು. ಗುಮಾಸ್ತರು ಬೇಕು. ಈ ಹೊಸ ಲೆಕ್ಕದ ಪರೀಕ್ಷೆ ಪಾಸಾಗಿರಬೇಕು, ಮೂರು ವರ್ಷ ಸಂಬಳದ ಮೇಲೆ ಕೆಲಸ ಮಾಡಿರಬೇಕು, ಸಂಬಳ ಪಡೆದದ್ದಕ್ಕೆ ಅಂಗಡಿಯ ಪುಸ್ತಕದ ಪ್ರತಿ ಹಚ್ಚಬೇಕು. ಅರ್ಜಿಗೆ ದೀಪಾವಳಿ ಕಳೆದು ಒಂದು ವಾರ ಗಡುವು. ಆ ದಿನ ಆಕೆ ಮಂಡಿಯಲ್ಲಿ ಚೀಲ ಎಣಿಸುವುದರಲ್ಲಿ ಎರಡು ಸಲ ತಪ್ಪಿದಳು.

ಪರೀಕ್ಷೆಯಲ್ಲಿ ಆಕೆ ಮೊದಲನೆಯವಳಾಗಿ ಪಾಸಾದಳು. ನಾನು ಹೇಗೋ ದಡ ಸೇರಿದೆ. ಮರುದಿನ ಬಂದು ನನ್ನ ಬರೆಯುವ ಮಣೆಯ ಮುಂದೆ ನಿಂತಳು.

"ಉಜ್ಜಪ್ಪಾರೆ, ನನ್ನ ಹೆಸರು ಯಾವ ಪುಟದಾಗೈತಿ?"

ಧರ್ಮದ ಖಾತೆ ತೆಗೆದು ತೋರಿಸಿದೆ. ಭತ್ತ ತಂದ ರೈತರಿಂದ ಚೀಲಕ್ಕೆ ಅರ್ಧಾಣೆ ಧರ್ಮವೆಂದು ಹಿಡಿದುಕೊಳ್ಳುವುದು ಮಂಡಿಗಳ ಪದ್ಧತಿ. ಗುಡಿಯ ದಾಸೋಹಕ್ಕೆ, ಬಾವಿ ರಿಪೇರಿಗೆ ಹೋಗಬೇಕಾದ ಹಣ ಅದು. ಆ ಪುಟದಲ್ಲಿ ತೊಗರ್ಸಿಯ ದಾಸೋಹಕ್ಕೆ ಐದು ರೂಪಾಯಿ, ಕುರುಡ ಭಿಕ್ಷುಕನಿಗೆ ನಾಲ್ಕಾಣೆ, ಇವೆರಡರ ನಡುವೆ: "ಮನೆಯ ಹೆಣ್ಣುಮಗಳ ಊಟ ಬಟ್ಟೆ, ಹದಿನೆಂಟು ರೂಪಾಯಿ." ಪ್ರತಿ ತಿಂಗಳೂ ಹೀಗೇ. ಹೆಸರು ಕೂಡ ಇಲ್ಲ. ಅಕ್ಷರ ನನ್ನದು, ದುಂಡಗೆ, ಚಂದವಾಗಿ.

ಆಕೆ ಆರು ವರ್ಷದ ಪುಸ್ತಕಗಳನ್ನೂ ಒಂದೊಂದಾಗಿ ತೆಗೆಸಿ, ಬೆರಳಿಟ್ಟು ಓದಿದಳು.

"ಹಂಗಾರೆ ಇಷ್ಟು ವರ್ಷ ರೈತ್ರು ನಂಗೆ ಭಿಕ್ಷೆ ಹಾಕ್ಯಾರೆ," ಎಂದಳು. "ನಾನು ದುಡಿದಿದ್ದು ಎಲ್ಲಿ ಬರ್ದೀರಿ?"

"ಬರ್ದಿಲ್ಲ," ಎಂದೆ.

ನನಗೆ ನಾಚಿಕೆಯಾಯಿತು. ಎದುರಿಗೇ ಆರು ವರ್ಷ ಬೆವರು ಸುರಿಸಿದವಳನ್ನು ಭಿಕ್ಷುಕರ ಸಾಲಿನಲ್ಲಿ ಬರೆದಿದ್ದೆ, ಒಂದು ದಿನವೂ ತಪ್ಪೆನಿಸಿರಲಿಲ್ಲ. ಸಾಹುಕಾರರು ಹೇಳಿದ್ದು, ನಾನು ಬರೆದದ್ದು. ಮಂಡಿಯಲ್ಲಿ ಅವರ ದಾಯಾದಿ, ತೊಗರ್ಸಿಯ ಸದಾಶಿವಪ್ಪನವರದು ಅರ್ಧ ಪಾಲು. ತಂಗಿಯ ಖರ್ಚನ್ನು ಅಂಗಡಿಗೆ ಹಾಕಿದರೆ ಪಾಲುದಾರ ಕೇಳಿಯಾನು, ಧರ್ಮದ ಖಾತೆಯನ್ನು ಯಾರೂ ಕೆದಕುವುದಿಲ್ಲ. ಇದು ಅವರ ಉಪಾಯ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನೂ ಹೇಳಬೇಕು.

ಸಂಜೆ ಅಣ್ಣ ತಂಗಿಗೆ ಮಾತಾಯಿತು.

"ಒಡಹುಟ್ಟಿದೋಳಿಗೆ ಸಂಬಳ ಕೊಟ್ಟ ಅಂತ ಊರ ಕೈಲಿ ಅನ್ನಿಸ್ಕೊಳ್ಳೇನು?" ಎಂದರು ಮಹೇಶ್ವರಪ್ಪ. ಅವರಿಗೆ ನಿಜವಾಗಿಯೂ ನೋವಾಗಿತ್ತು. "ಬೇಕಾದ್ರೆ ಆರು ವರ್ಷ ಕೆಲ್ಸ ಮಾಡ್ಯಾಳೆ ಅಂತ ಪತ್ರ ಬರ್ಕೊಡ್ತೀನಿ, ತಗೊಂಡು ಹೋಗು."

"ಪತ್ರ ಒಂದು ಹೇಳಿ, ಪುಸ್ತಕ ಇನ್ನೊಂದು ಹೇಳಿದ್ರೆ ಸೊರಬದೋರು ಯಾವುದನ್ನ ನಂಬ್ತಾರಣ್ಣ? ತಪ್ಪು ಬರ್ದಿದ್ದನ್ನ ತಿದ್ದಿಸು, ಸಾಕು."

"ತಪ್ಪೇ ಅಲ್ಲ ಅದು!"

ಅಲ್ಲಿಂದ ಮೂರು ವಾರ ಇಬ್ಬರೂ ಮಾತಾಡಲಿಲ್ಲ. ಆಕೆಯ ಓಡಾಟ ಇನ್ನೂ ಹೆಚ್ಚಿತು. ತಕ್ಕಡಿಯಿಂದ ಬಾಗಿಲಿಗೆ, ಬಾಗಿಲಿಂದ ಗೋದಾಮಿಗೆ. ನನಗೋ ಕೂತಲ್ಲಿ ಮುಳ್ಳು ಚುಚ್ಚಿದಂತೆ. ಗಡುವು ಹತ್ತಿರ ಬರುತ್ತಿತ್ತು.

ದೀಪಾವಳಿ ಪಾಡ್ಯದ ಹಿಂದಿನ ದಿನ ಹಳೆಯ ಪುಸ್ತಕ ಮುಗಿಸಿ ಲಾಭ ಹಂಚಿಕೊಳ್ಳಲು ಸದಾಶಿವಪ್ಪನವರು ಬಂದರು. ಇಬ್ಬರು ಪಾಲುದಾರರೂ ಗಾದಿಯ ಮೇಲೆ ಕೂತಿರುವಾಗ ಆಕೆ ಬಂದು ಒಂದು ಚೀಟಿ ಇಟ್ಟಳು. ಪಾಠದಲ್ಲಿ ಹೇಳಿಕೊಟ್ಟ ಹಾಗೆ ಬರೆದ ತಿದ್ದುಪಡಿ: ತಿಂಗಳಿಗೆ ಹದಿನೆಂಟರಂತೆ ಆರು ವರ್ಷಕ್ಕೆ ಸಂಬಳದ ಖಾತೆಗೆ ಖರ್ಚು ಸಾವಿರದ ಇನ್ನೂರ ತೊಂಬತ್ತಾರು ರೂಪಾಯಿ, ಧರ್ಮದ ಖಾತೆಗೆ ಜಮಾ ಅಷ್ಟೇ. ಅಂದರೆ ಅಂಗಡಿ ಅಷ್ಟು ಹಣವನ್ನು ಇನ್ನು ಧರ್ಮಕ್ಕೆ ಕೊಡಬೇಕು, ಲಾಭವೂ ಅಷ್ಟು ಇಳಿಯುತ್ತದೆ.

ಸದಾಶಿವಪ್ಪ ಓದಿ ತಲೆಯೆತ್ತಿದರು. ಮಹೇಶ್ವರಪ್ಪನವರ ಮುಖ ಕಪ್ಪಿಟ್ಟಿತು.

"ಅಷ್ಟನ್ನೂ ನನ್ನ ಹೆಸರಿಗೆ ಹಾಕೋ ಉಜ್ಜಪ್ಪ," ಎಂದರು. "ನನ್ನ ತಂಗಿಗೆ ನಾನು ಉಣ್ಣಿಸ್ದೆ. ಅವರಿಗೆ ನಷ್ಟ ಬೇಡ."

"ಅದೂ ತಪ್ಪೇ," ಎಂದಳು ಅಕ್ಕನಾಗಮ್ಮ. "ಹಂಗೆ ಬರ್ದ್ರೆ ರೈತ್ರ ಬದ್ಲಿ ನೀನು ಭಿಕ್ಷೆ ಹಾಕಿದಂಗಾಯ್ತು. ನಾನು ದುಡಿದಿದ್ದು ಅಂಗಡೀದು, ಅಣ್ಣ."

ಪಾಲುದಾರ ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ, "ಆಕಿ ನಿಂತ ಮೇಲೆ ತೂಕದಾಗೆ ಒಂದು ಸೇರು ಹೆಚ್ಚುಕಮ್ಮಿ ಆಗಿಲ್ಲ," ಎಂದರು. "ಹದಿನೆಂಟು ರೂಪಾಯಿಗೆ ಇಂಥ ಆಳು ಈ ಊರಾಗೆ ಸಿಗ್ತಾರೇನ್ರಿ? ಮೊದಲೇ ಹೇಳಿದ್ರೆ ನಾನೇ ಮೂವತ್ತು ಹಾಕು ಅಂತಿದ್ದೆ. ಬರಿಯೋ ಉಜ್ಜಪ್ಪ. ನನ್ನ ಅರ್ಧ ನಾನು ಹೊರ್ತೀನಿ."

ಆರು ವರ್ಷ ಯಾರಿಗೆ ಹೆದರಿ ಮುಚ್ಚಿಟ್ಟಿದ್ದರೋ ಅವರೇ ಹೀಗೆಂದ ಮೇಲೆ ಮಹೇಶ್ವರಪ್ಪನವರು ಲೇಖನಿಯನ್ನು ನನ್ನ ಕಡೆ ಸರಿಸಿದರು. ನಾನು ಬರೆದೆ. ಆಕೆಯ ಹೆಸರನ್ನು ಪೂರ್ತಿಯಾಗಿ ಬರೆದೆ, ತೂಕದ ಗುಮಾಸ್ತೆ ಎಂದು ಸೇರಿಸಿದೆ. ಇಬ್ಬರೂ ರುಜು ಹಾಕಿದರು. ನಾನು ಬರೆದುಕೊಟ್ಟ ಅದರ ಪ್ರತಿ ಹಚ್ಚಿದ ಅರ್ಜಿಗೇ ಮುಂದೆ ಸೊರಬದಲ್ಲಿ ಆಕೆಗೆ ಕೆಲಸವಾಯಿತು.

ರುಜು ಹಾಕಿದ ಆ ಹೊತ್ತಿಗೆ ಮಾತ್ರ ಸಾಹುಕಾರರ ಸಿಟ್ಟು ನೆತ್ತಿಗೇರಿತ್ತು. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿ, ತಂಗಿಯ ಕಡೆ ತಿರುಗಿದರು.

"ಬರ್ಸ್ಕೊಂಡ್ಯಲ್ಲ? ಈಗ ನೀನು ಸಂಬಳದ ಆಳು. ಆಳನ್ನ ಬಿಡಿಸೋ ಹಕ್ಕು ನಂಗೈತಿ. ಇವತ್ತಿಗೆ ನಿನ್ನ ಕೆಲ್ಸ ಮುಗೀತು, ಹೋಗು!"

ಸದಾಶಿವಪ್ಪನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಅಕ್ಕನಾಗಮ್ಮ ತಕ್ಕಡಿಯ ಹತ್ತಿರ ಹೋಗಿ, ತೂಕದ ಕಲ್ಲುಗಳನ್ನು ಎಣಿಸಿ ನನಗೆ ಒಪ್ಪಿಸಿದಳು. ಆಮೇಲೆ ಬಂದು ಅಣ್ಣನ ಮುಂದೆ ನಿಂತಳು.

"ಆಗ್ಲಿ ಸಾವ್ಕಾರ್ರೆ. ಅಂಗಡಿ ಬಿಟ್ಟೆ," ಎಂದಳು. ಬಗ್ಗಿ ಅವರ ಕಾಲು ಮುಟ್ಟಿದಳು. "ಅಣ್ಣಾ, ಅರ್ಜಿ ಹಿಡ್ಕೊಂಡು ಇವತ್ತು ಸೊರಬದ ಬಸ್ಸಿಗೆ ಹೋಗ್ತೀನಿ. ಯುಗಾದಿಗೆ ಮನೆಗೆ ಬರ್ತೀನಿ."

ಅವರು ಮುಖ ತಿರುಗಿಸಿಕೊಂಡು ಕೂತಿದ್ದರು. ಆಕೆ ಹೋದಳು. ಬಸ್ಸು ಹೊರಟ ಸದ್ದು ಅಂಗಡಿಯವರೆಗೂ ಕೇಳಿಸಿತು. ಬಾಗಿಲಿಗೆ ಹೋಗಿ ನೋಡುವವರು ಯಾರೂ ಇರಲಿಲ್ಲವೆಂದು ನಾನೇ ಎದ್ದು ಹೋಗಿ ಬಂದೆ.

ಒಳಗೆ ಬಂದರೆ ಸಾಹುಕಾರರು ಗೋಡೆ ನೋಡುತ್ತಲೇ ಕೇಳಿದರು, "ಉಜ್ಜಪ್ಪ, ಯುಗಾದಿಗೆ ಇನ್ನೆಷ್ಟು ದಿನ ಐತಿ ನೋಡು."

ಪಂಚಾಂಗ ತೆಗೆದು ಎಣಿಸಿದೆ. "ಐದು ತಿಂಗಳಿಗೆ ಒಂದೆರಡು ದಿನ ಕಮ್ಮಿ, ಸಾವ್ಕಾರ್ರೆ," ಎಂದೆ.

"ಅಷ್ಟೊಂದಿರಾಕಿಲ್ಲ," ಎಂದರು. "ಇನ್ನೊಂದ್ಸಲ ಎಣ್ಸು."