ಯಾವ ಕೋರ್ಸ್ ತಗೋತೀರಿ?

ನಮ್ಮ ಅಡುಗೆಮನೆಯ ಗೋಡೆಯ ಮಾಡಿನಲ್ಲಿ, ಉಪ್ಪಿನ ಭರಣಿಯ ಬಾಜು, ಅರ್ಧ ನುಂಗಿ ಅರ್ಧ ಬಿಟ್ಟ ಗುಳಿಗೆಯ ಪಟ್ಟಿಗಳು ಯಾವಾಗಲೂ ಒಂದೆರಡು ಬಿದ್ದಿರುತ್ತವೆ. ಅವು ನಮ್ಮ ಬಸಪ್ಪ ಕಾಕಾ ಅವರವು. ಕಾಕಾ ಎಂದರೆ ನನ್ನ ತಂದೆಯ ಕೊನೆಯ ತಮ್ಮ, ಮೊರಬದಲ್ಲಿ ನಮ್ಮ ಹೊಲ ನೋಡಿಕೊಂಡಿರುವವರು. ಮೈ ಬಿಸಿಯಾದಾಗೆಲ್ಲ ಅಣ್ಣಿಗೇರಿಯ ನಮ್ಮ ಮನೆಗೆ ಬಂದು, ಡಾಕ್ಟರರಿಗೆ ಕೈ ತೋರಿಸಿ, ಐದು ದಿನದ ಗುಳಿಗೆ ಬರೆಸಿಕೊಂಡು, ಎರಡನೆಯ ದಿನ ಜ್ವರ ಇಳಿದ ಕೂಡಲೇ ಉಳಿದದ್ದನ್ನು ಮಾಡಿನಲ್ಲಿಟ್ಟು ಮೊರಬದ ಬಸ್ಸು ಹತ್ತಿಬಿಡುತ್ತಾರೆ. "ಕೋರ್ಸ್ ಪೂರಾ ಮುಗಸ್ರಿ ಕಾಕಾ" ಎಂದು ನನ್ನ ಹೆಂಡತಿ ಗಿರಿಜಾ ಬಾಗಿಲ ತನಕ ಬೆನ್ನು ಹತ್ತುತ್ತಾಳೆ. "ಜ್ವರಾನ ಹೋದ್ಮ್ಯಾಲ ಕೋರ್ಸ್ ಯಾರಿಗವಾ?" ಎನ್ನುತ್ತ ಅವರು ಚಪ್ಪಲಿ ಮೆಟ್ಟುತ್ತಾರೆ.

ಹೀಗೆ ಕೋರ್ಸ್ ಎಂಬ ಪರದೇಶಿ ಪದ ನಮ್ಮ ಮನೆಗೆ ಮೊದಲು ಬಂದದ್ದು ಔಷಧದ ಅಂಗಡಿಯಿಂದ. ಆಮೇಲೆ ಗಿರಿಜಾ ಹೊಲಿಗೆಯ ಕೋರ್ಸಿಗೆ ಹೋದಳು; ನಾನು ಶಿಕ್ಷಣ ಇಲಾಖೆಯ ಒತ್ತಾಯಕ್ಕೆ ಕಂಪ್ಯೂಟರ್ ಕೋರ್ಸ್ ಮಾಡಿ, ಪಾಸಾಗಿ, ಕಲಿತದ್ದನ್ನು ವಾರದೊಳಗೆ ಮರೆತೆ. ಕೊನೆಗೆ ಈ ವರ್ಷ, ಮಗಳು ಅಕ್ಷತಾ ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿ ಕೈತುಂಬ ಅಂಕ ತಂದದ್ದೇ ತಡ, ಆ ಪದ ನಮ್ಮ ಹೊಸ್ತಿಲ ಮೇಲೆ ಠಿಕಾಣಿ ಹೂಡಿತು. ಹಾಲು ಹಾಕುವವರು, ಕ್ಷೌರದಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು, ಎಲ್ಲರದೂ ಒಂದೇ ಪ್ರಶ್ನೆ: "ಮುಂದ ಯಾವ ಕೋರ್ಸ್ರಿ?" ಮಗಳು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಡುತ್ತಿದ್ದೆ, "ಇಂಜಿನಿಯರಿಂಗ್ ರಿ."

ಅವಳನ್ನು ಕೇಳದೆ ಹೇಳುತ್ತಿದ್ದೆ ಎಂದು ತಿಳಿಯಬೇಡಿ. ಕೇಳಿದ್ದೆ. ಊಟಕ್ಕೆ ಕೂತಾಗ, "ಕಂಪ್ಯೂಟರ್ ಸೈನ್ಸ್ ಮೊದಲ ಹಾಕೂಣು, ನಡೀತೈತಿ?" ಎಂದಿದ್ದೆ. ಅವಳು ರೊಟ್ಟಿ ಮುರಿಯುತ್ತ, "ನಡೀತೈತ್ರಿ ಪಪ್ಪಾ" ಎಂದಿದ್ದಳು. ನಾನು ಸೈಬರ್ ಅಂಗಡಿಗೆ ಹೋಗಿ, ಹುಬ್ಬಳ್ಳಿಯಿಂದ ಹಿಡಿದು ಹೆಸರು ಕೇಳದ ಊರುಗಳ ತನಕ, ಕಾಲೇಜುಗಳ ಉದ್ದಾನುದ್ದ ಪಟ್ಟಿ ತುಂಬಿಸಿ ಬಂದೆ. ಪಟ್ಟಿಯನ್ನು ಬದಲಿಸಲು ಮುಂದಿನ ಸೋಮವಾರದ ತನಕ ಅವಕಾಶವಿತ್ತು. ಬದಲಿಸುವುದೇನಿದೆ ಎಂಬ ನಿಶ್ಚಿಂತೆಯಲ್ಲಿ, ಕಾಕಾ ಅವರನ್ನೂ ಕರೆದುಕೊಂಡು ನಾಲ್ವರೂ ಎರಡು ದಿನದ ಮಟ್ಟಿಗೆ ಕಲಘಟಗಿಯ ಆಚೆ, ಬಯಲು ಮುಗಿದು ಕಾಡು ಶುರುವಾಗುವಲ್ಲಿ ಹೊಸದಾಗಿ ಎದ್ದಿರುವ ಥೀಮ್ ಪಾರ್ಕಿಗೆ ಹೊರಟೆವು.

ಮೊದಲ ದಿನವೆಲ್ಲ ತಲೆಕೆಳಗಾಗುವುದರಲ್ಲಿ ಕಳೆಯಿತು. ದೈತ್ಯ ತೊಟ್ಟಿಲಿನಿಂದ ಇಳಿದ ಗಿರಿಜಾ ನೆಲ ಮುಟ್ಟಿ ನಮಸ್ಕಾರ ಮಾಡಿದ್ದರಿಂದ, ಮರುದಿನ ಬೆಳಿಗ್ಗೆ ಯಾರ ಕಾಲೂ ನೆಲ ಬಿಡದ ಆಟವೊಂದನ್ನು ಹುಡುಕಿಕೊಂಡು ಹೋದೆವು. ಸಿಕ್ಕದ್ದು ಮಿನಿ ಗಾಲ್ಫ್. ದೊಡ್ಡವರ ಗಾಲ್ಫನ್ನು ಅಂಗಳದಷ್ಟು ಜಾಗಕ್ಕೆ ಇಳಿಸಿದ ಆಟ ಅದು. ಡೊಂಕು ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿ ಕುಣಿಗೆ ಬೀಳಿಸಬೇಕು, ಅಷ್ಟೇ. ಬಾಗಿಲಲ್ಲಿ ಬೋರ್ಡು: "ನಿಮ್ಮ ಕೋರ್ಸ್ ಆರಿಸಿಕೊಳ್ಳಿ." ನಾನು ಓದಿ ಬೆಚ್ಚಿದೆ. ತಿಂಗಳಿಂದ ನನ್ನನ್ನು ಅಟ್ಟಿಸಿಕೊಂಡು ಬಂದ ಪ್ರಶ್ನೆ ಕಾಡಿನಂಚಿಗೂ ಬಂದು, ಬಣ್ಣ ಬಳಿದುಕೊಂಡು ನಿಂತಿತ್ತು. ಗಾಲ್ಫಿನಲ್ಲಿ ಆಡುವ ಅಂಗಳಕ್ಕೂ ಕೋರ್ಸ್ ಎಂದೇ ಹೆಸರಂತೆ. ಎಡಕ್ಕೆ 'ಹಸಿರು ಕೋರ್ಸ್': ಸಪಾಟು, ಮೇಲೆ ಸೂರು, ಒಂಬತ್ತು ಕುಣಿ. ಬಲಕ್ಕೆ 'ಬೆಟ್ಟದ ಕೋರ್ಸ್': ಏರು, ಇಳಿವು, ಮರದ ಸೇತುವೆ, ಹರಿಯುವ ಹಳ್ಳ, ಎಲ್ಲಿ ಮುಗಿಯುತ್ತದೆಂದು ಹೊರಗಿನಿಂದ ಕಾಣದ ಒಂದು ಗವಿ.

"ಯಾವ ಕೋರ್ಸ್ ತಗೋತೀರಿ ಸರ್?" ಕೋಲು ಹಂಚುತ್ತಿದ್ದ ಹುಡುಗಿ ಕೇಳಿದಳು.

"ಎಷ್ಟ ದಿನದ ಕೋರ್ಸ್ವಾ ಅದು?" ಎಂದರು ಕಾಕಾ.

"ಮುಕ್ಕಾಲ ತಾಸ್ರಿ ಅಜ್ಜಾರ."

"ಹಂಗಾರ ಇದನ್ನ ಪೂರಾ ಮುಗಸ್ತೀನಿ ತಗೋ."

ಬೆಟ್ಟದ ಕಡೆ ಜಾರಿದರೆ ಕಷ್ಟ, ಮಳೆ ಬಂದರೆ ನೆನೆಯುತ್ತೇವೆ, ಕಾಕಾ ಅವರ ಮೊಣಕಾಲು ಬೇರೆ. ಎಲ್ಲವನ್ನೂ ಕ್ಷಣದಲ್ಲಿ ತೂಗಿ ನೋಡಿ ನಾನು ಹಸಿರು ಕೋರ್ಸಿಗೆ ನಾಲ್ಕು ಕೋಲು ತೆಗೆದುಕೊಂಡೆ. ಮಗಳತ್ತ ತಿರುಗಿ ರೂಢಿಯಂತೆ, "ನಡೀತೈತಿ?" ಎಂದೆ. ಅವಳೂ ರೂಢಿಯಂತೆ, "ನಡೀತೈತ್ರಿ" ಎಂದಳು.

ಒಳಗೆ ಕಾಲಿಟ್ಟ ಕೂಡಲೇ ಕಾಕಾ ಬಗ್ಗಿ ಹುಲ್ಲಿಗೆ ಕೈ ಹಾಕಿದರು. ಕರಿ ಹೊಲದಲ್ಲಿ ಕರಿಕೆ ಹುಲ್ಲಿನ ಬೇರು ಕೀಳುತ್ತಲೇ ಕೂದಲು ಹಣ್ಣಾದವರಿಗೆ, ನೆಲದ ಮೇಲೆ ಹಸಿರು ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಜಗ್ಗಿದರು, ಬರಲಿಲ್ಲ. ಉಗುರಿನಿಂದ ಗೀರಿದರು. "ಏ, ಇದು ಪ್ಲಾಸ್ಟಿಕ್ ಐತೋ!" ಎಂದು ಅವರು ಕೂಗಿದ ಕೂಗಿಗೆ ಮುಂದಿನ ಕುಣಿಯಲ್ಲಿದ್ದವರ ಚೆಂಡು ದಾರಿ ತಪ್ಪಿತು. ಹುಲ್ಲು ತಾನಾಗಿ ಬೆಳೆದರೆ ಆಳು ಹಚ್ಚಿ ತೆಗೆಸುವ ನಾಡಿನ ಪಕ್ಕದಲ್ಲಿಯೇ ಜನ ಹುಲ್ಲನ್ನು ಕಾರ್ಖಾನೆಯಿಂದ ತರಿಸಿ ಹಾಸಿದ್ದಾರೆಂಬ ಆಘಾತದಿಂದ ಅವರು ಎರಡನೆಯ ಕುಣಿಯ ತನಕ ಚೇತರಿಸಿಕೊಳ್ಳಲಿಲ್ಲ.

ಮೂರನೆಯ ಕುಣಿಯಲ್ಲಿ ನನಗೊಂದು ಆಘಾತ ಕಾದಿತ್ತು. ನಾನು ನೇರ ಹೊಡೆದ ಚೆಂಡು ಪ್ರತಿ ಸಲವೂ ಎಡಕ್ಕೇ ಸರಿಯುತ್ತಿತ್ತು. ಕಣ್ಣಿಗೆ ನೆಲ ಸಮನಾಗಿಯೇ ಇತ್ತು. ಕಾಕಾ ನನ್ನನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ನೀರಿನ ಬಾಟಲಿ ತೆಗೆದು, ಹೊಲಕ್ಕೆ ಒಡ್ಡು ಹಾಕುವ ಮುಂಚೆ ನೆಲದ ವಾಟ ನೋಡುವವರ ಗಾಂಭೀರ್ಯದಿಂದ, ಆ ಹಾಸಿನ ಮೇಲೆ ಧಾರೆಯಾಗಿ ಸುರಿದರು. ನೀರು ಎಡಕ್ಕೆ ಹರಿಯಿತು. "ನೋಡು, ನೀರು ಎತ್ತ ಹೊಂಟೈತಿ ಚೆಂಡೂ ಅತ್ತ. ನೆಲಾ ಕೇಳಿ ಹೊಡೀಬೇಕೋ ಮಾಸ್ತರಾ!" ಕೋಲು ಹಂಚುವ ಹುಡುಗಿ ಅರಿವೆ ಹಿಡಿದುಕೊಂಡು ಓಡಿ ಬಂದಳು. ನಾನು ನಾಚಿಕೆಯಿಂದ ಕ್ಷಮೆ ಕೇಳಿದೆ. ಕಾಕಾ ಕೇಳಲಿಲ್ಲ, ಒಂದೇ ಏಟಿಗೆ ಚೆಂಡನ್ನು ಕುಣಿಗೆ ಬೀಳಿಸಿದರು.

ಈ ಗದ್ದಲದ ನಡುವೆ ಅಕ್ಷತಾ ಒಂದೇ ಕೈಯಲ್ಲಿ ಕೋಲು ಹಿಡಿದು, ಚೆಂಡಿನತ್ತ ಸರಿಯಾಗಿ ನೋಡದೆ, ತನ್ನ ಸರದಿ ಬಂದಾಗ ತಟ್ಟಿ, ಬಾರದಾಗ ಕಟ್ಟೆಯ ಮೇಲೆ ಕೂತು ಆಚೆಯ ಮರದ ಸೇತುವೆಯನ್ನೇ ನೋಡುತ್ತಿದ್ದಳು. ಮನೆಮಂದಿಯೆಲ್ಲ ಇವಳ ಸಂತೋಷಕ್ಕೆಂದು ಬಂದರೆ ಇವಳ ಮುಖ ಹೀಗೆ. ನನಗೆ ಸಿಟ್ಟು ಬಂತು. ಮಾಸ್ತರಿಕೆಯ ಸಿಟ್ಟು ಗಂಟಲಿನಲ್ಲೇ ಮನೆ ಮಾಡಿಕೊಂಡಿರುತ್ತದೆ, ಕರೆಯಬೇಕಾಗಿಲ್ಲ.

"ಆಡೂದಿದ್ರ ಮನಸ್ಸಿಟ್ಟ ಆಡು. ನೀನ ಹ್ಞೂಂ ಅಂದಿದ್ದಿ ಇಲ್ಲೋ?"

"ನಾ ಎಲ್ಲಿ ಹ್ಞೂಂ ಅಂದೇನ್ರಿ?" ಎಂದಳು ಅವಳು, ದನಿ ಏರಿಸದೆ. "ನಡೀತೈತಿ ಅಂದೆ."

"ಎರಡೂ ಒಂದ ಅಲ್ಲೇನ?"

ಉತ್ತರ ಬಂದದ್ದು ಗಿರಿಜಾಳಿಂದ. ಕೋಲಿನ ಮೇಲೆ ಗದ್ದವೂರಿ ನಿಂತಿದ್ದಳು. "ಒಂದ ಅಲ್ರೀ. ಬ್ಯಾಡ ಅಂದ್ರೂ ಇವರು ಕೇಳೂದಿಲ್ಲ ಅಂತ ಗೊತ್ತಾದ್ಮ್ಯಾಲ ಅನ್ನೂ ಮಾತು ಅದು."

ಓದುಗ ಮಿತ್ರರೇ, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಪದಗಳ ಅರ್ಥ ಹೇಳುವುದು ನನ್ನ ಹೊಟ್ಟೆಪಾಡು. ಹಳಗನ್ನಡದ ಕ್ಲಿಷ್ಟ ಪದವನ್ನು ಬಿಡಿಸಿ ಹರವಿ ಮಕ್ಕಳ ಮುಂದೆ ಇಡುವಾಗ ಎದೆ ಉಬ್ಬಿಸಿಕೊಂಡು ನಿಲ್ಲುವವನು. ಅಂಥ ನನಗೆ ನನ್ನದೇ ಮನೆಯಲ್ಲಿ, ದಿನಕ್ಕೆ ಹತ್ತು ಸಲ ಉದುರುವ ಒಂದು ಪದದ ಅರ್ಥ ಇಪ್ಪತ್ತೆರಡು ವರ್ಷ ಗೊತ್ತಿರಲಿಲ್ಲ. ನಡೆಯುತ್ತದೆ ಎಂದರೆ ನಡೆಯುತ್ತದೆ, ಅಷ್ಟೇ. ಅಚ್ಚು ಸಡಿಲಾದ ಬಂಡಿಯೂ ನಡೆಯುತ್ತದೆ, ಕಾಲಿಗೆ ಮುಳ್ಳು ನಟ್ಟ ಎತ್ತೂ ನಡೆಯುತ್ತದೆ. ಅದರಲ್ಲಿ ಬೇಕು ಎಂಬುದು ಎಲ್ಲಿದೆ? ಕೇಳುವುದು ಎಂಬ ಕ್ರಿಯಾಪದವನ್ನು ನೋಡಿ: ಪ್ರಶ್ನೆ ಹಾಕುವುದಕ್ಕೂ ಅದೇ, ಕಿವಿಗೊಡುವುದಕ್ಕೂ ಅದೇ. ನಮ್ಮ ಹಿರಿಯರು ಎರಡೂ ಕೆಲಸಕ್ಕೆ ಒಂದೇ ಪದವಿಟ್ಟದ್ದು ಪದಗಳ ಬಡತನದಿಂದ ಇರಲಾರದು. ನಾನು ಮಾತ್ರ ಅರ್ಧ ಕ್ರಿಯಾಪದದಲ್ಲಿಯೇ ಸಂಸಾರ ಮಾಡಿದ್ದೆ.

ಆ ಪ್ಲಾಸ್ಟಿಕ್ಕಿನ ಹುಲ್ಲಿನ ಮೇಲೆ ನಿಂತಲ್ಲಿಯೇ ಹಳೆಯ 'ನಡೀತೈತಿ'ಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಗಿರಿಜಾಳ ತವರು ಕುಬಿಹಾಳದ ಹತ್ತಿರ ಮನೆ ಮಾಡುವ ಬದಲು ಅಣ್ಣಿಗೇರಿಯಲ್ಲಿ ಮಾಡೋಣ ಎಂದಾಗ ನಡೀತೈತಿ. ಹೊಲಿಗೆ ಕೋರ್ಸ್ ಸಂಜೆಯ ಹೊತ್ತು ಅನಾನುಕೂಲ, ಬಿಟ್ಟರೆ ಹೇಗೆ ಎಂದಾಗ ನಡೀತೈತಿ. ಅವಳಿಗೆ ಸೇರದ ಆ ಹಳದಿ ಬಣ್ಣ ಗೋಡೆಗೆ ಬಳಿಸಿದಾಗಲೂ ನಡೀತೈತಿ. ಅವೆಲ್ಲ ಸಂಸಾರದ ಸಾಮರಸ್ಯವೆಂದು ನಾನು ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅವಳ ಮುಖ ನೋಡಲು ಧೈರ್ಯ ಸಾಲದೆ ಮಗಳತ್ತ ತಿರುಗಿದೆ.

"ಆತು. ಹಂಗಾರ ನಿನಗ ಯಾವ ಕೋರ್ಸ್ ಬೇಕು, ನೀನ ಹೇಳು."

"ನಿಮ್ದು."

"ನಂದು? ನಾ ಆರಿಸಿದ್ದು ಇದ ಅಲ್ಲ? ಆಡಾಕತ್ತೇವಲ್ಲ?"

"ಈ ಕೋರ್ಸ್ ಅಲ್ರಿ ಪಪ್ಪಾ. ನೀವು ಓದಿದ್ದು. ಬಿ.ಎ. ಕನ್ನಡ."

ಸಿಡಿಲು ಬಡಿಯಿತು ಎಂದೆಲ್ಲ ಬರೆಯುತ್ತಾರಲ್ಲ, ಹಾಗೇನೂ ಆಗಲಿಲ್ಲ; ಕೈಯಲ್ಲಿನ ಕೋಲು ಜಾರಿತು. ಅದಕ್ಕಿಂತ ದೊಡ್ಡ ಆಘಾತ ಮುಂದಿನ ಕ್ಷಣದ್ದು. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು: "ತಲಿ ಕೆಟ್ಟೈತೇನ ನಿನಗ? ಏನೈತಿ ಅದರಾಗ?"

ಕಾಕಾ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. ಅಕ್ಷತಾ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಇರಲಿಲ್ಲ.

"ಏನೈತಿ ಅಂತ ನನ್ನ ಕೇಳ್ತೀರಿ? ಹತ್ತನೇ ಕ್ಲಾಸಿನ್ಯಾಗ ನಿಮ್ಮ ಮುಂದ ಮೂರನೇ ಬೆಂಚಿನ್ಯಾಗ ಕುಂತಾಕಿ ನಾನು. ಮುಂಗಾರು ಅನ್ನೂದು ಒಂದ ಪದಾ ಹಿಡದು ಪೂರಾ ಪೀರಿಯಡ್ ಹೇಳಿದ್ರಿ. ಗಂಟಿ ಹೊಡದ್ರೂ ಯಾರೂ ಏಳಲಿಲ್ಲ. ಅವತ್ತ ಹೇಳಿದ್ದೆಲ್ಲಾ ಸುಳ್ಳೇನ್ರಿ?"

ಸುಳ್ಳಲ್ಲ. ಅದೇ ತೊಂದರೆ. ಊರ ಮಕ್ಕಳಿಗೆಲ್ಲ ಬಡಿಸಿದ್ದನ್ನು ಸ್ವಂತ ಮಗಳ ತಾಟಿಗೆ ಹಾಕಲು ಹೆದರುವ ಅಡುಗೆಯವನ ಹಾಗೆ ನಿಂತಿದ್ದೆ ನಾನು. ಇಷ್ಟು ವರ್ಷ ನನ್ನ ವಿಷಯವನ್ನು ಪ್ರೀತಿಸಿದೆನೆಂದು ತಿಳಿದಿದ್ದೆ. ಒಳಗೊಳಗೆ ಅದರ ಬಗ್ಗೆ ನಾಚಿಕೊಂಡಿದ್ದೆನೆಂದು ಆ ಗಳಿಗೆಯ ತನಕ ನನಗೆ ತಿಳಿದಿರಲಿಲ್ಲ. ಕಾಯಂ ಆಗುವ ಮೊದಲು ವರ್ಷಗಟ್ಟಲೆ ಅತಿಥಿ ಶಿಕ್ಷಕನಾಗಿ, ಇಂದು ನವಲಗುಂದ ನಾಳೆ ಕುಂದಗೋಳ ಎಂದು ಬಸ್ಸಿಗೆ ಕಾಯ್ದು ಕಾಲು ಸವೆಸಿದವನು ನಾನು. ಅದನ್ನೇ ಹೇಳಿದೆ. ಗೋಗರೆದೆ ಎಂದರೂ ನಡೆದೀತು.

"ಗೊತ್ತೈತ್ರಿ," ಎಂದಳು. "ನಾನೂ ಕಾಯ್ತೀನಿ."

ಕಾಕಾ ಬಾಟಲಿಯ ಮುಚ್ಚಳ ಬಿಗಿದು, "ಇದರಾಗ ಏನೂ ಇಲ್ಲೋ, ಬರೇ ಪ್ಲಾಸ್ಟಿಕ್. ಆ ಕಡೆ ಹೋಗೂಣು ನಡೀರಿ" ಎಂದು ಮುಂದಾದರು. ಆರು ಕುಣಿ ಬಾಕಿ ಇರುವಾಗಲೇ ಆ ಕೋರ್ಸ್ ಬಿಟ್ಟು ಬೆಟ್ಟದ ಕೋರ್ಸಿಗೆ ಹೋದೆವು. ಮಗಳು ಅಲ್ಲಿ ಚೆನ್ನಾಗಿ ಆಡಿದಳು ಎಂದು ಬರೆಯಲು ಆಸೆ, ಆದರೆ ಆಡಲಿಲ್ಲ. ನಾಲ್ವರಲ್ಲಿ ಅವಳದೇ ಕೊನೆಯ ಸ್ಥಾನ. ಅವಳ ಚೆಂಡು ಮೂರು ಸಲ ಹಳ್ಳಕ್ಕೆ ಬಿತ್ತು. ಮೂರು ಸಲವೂ ಪೈಜಾಮ ಮಡಿಚಿ ತಾನೇ ಇಳಿದು, ನಗುತ್ತ ಎತ್ತಿಕೊಂಡು ಬಂದಳು. ನಾನು ಸೇತುವೆಯ ಮೇಲೆ ನಿಂತು ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅಣ್ಣಿಗೇರಿಯಲ್ಲಿ, ಊಟದ ಮೇಜಿನ ಮುಂದೆ ಕೂತು ಅವಳು ಧಾರವಾಡದ ಕಾಲೇಜೊಂದಕ್ಕೆ ಬಿ.ಎ. ಅರ್ಜಿ ತುಂಬಿದಳು; ಅದಕ್ಕೂ ಅಂದು ಸಂಜೆಯೇ ಕೊನೆ. ಗಿರಿಜಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪೋಷಕರ ಮೊಬೈಲಿಗೆ ಓಟಿಪಿ ಬರುತ್ತದೆ, ಹತ್ತು ನಿಮಿಷದೊಳಗೆ ಹಾಕಬೇಕು ಎಂದಿತ್ತು. ನನ್ನ ಕೈಯಲ್ಲಿನ ಮೊಬೈಲು ಸದ್ದಿಲ್ಲದೆ ಬೆಳಗಿತು.

"ಬಂತೇನ್ರಿ ಪಪ್ಪಾ?"

"ಇಲ್ಲ," ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೆ ಗೊತ್ತಿರಲಿಲ್ಲ. ಅವಳು ಅನುಮಾನಿಸಲೂ ಇಲ್ಲ. "ನೆಟ್‌ವರ್ಕ್ ಇಲ್ಲೇನೋ, ಇನ್ನೊಮ್ಮೆ ಕಳಸ್ತೀನ್ರಿ" ಎಂದು ಬೆರಳಾಡಿಸಿದಳು. ಮತ್ತೆ ಬೆಳಗಿತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಮಗಳು ತಲೆಯೆತ್ತಿ, ಉತ್ತರಕ್ಕಾಗಿ ನನ್ನತ್ತ ನೋಡುತ್ತಿದ್ದಳು. ಆರು ಅಂಕಿಗಳು. ಪ್ರತಿ ಸಲ ನಡುವೆ ಒಂದನ್ನು ತಪ್ಪು ಹೇಳಿದರೂ ಸಾಕಿತ್ತು, ಸಂಜೆಯಾಗಿ ಗಡುವು ಮುಗಿದುಬಿಡುತ್ತಿತ್ತು.

ಕನ್ನಡಕ ಏರಿಸಿಕೊಂಡು, ತರಗತಿಯಲ್ಲಿ ಉಕ್ತಲೇಖನ ಹೇಳುವಂತೆ, ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದೆ.